ಗಗನಸಖಿಯ ಸೀನಿಯಾರಿಟಿ ನಂಬರು

ಪಿಯುಸಿ ಮುಗಿಯುತ್ತಿದ್ದಂತೆ ಯಾದಗಿರಿ, ಶಹಾಪುರ, ಸುರಪುರದ ಮನೆಗಳಲ್ಲಿ ಮೊದಲು ಮಾತಿಗೆ ಬರುವುದು ಡಿ.ಎಡ್., ನರ್ಸಿಂಗ್, ಪೊಲೀಸ್ ಭರ್ತಿ, ಬಹಳವೆಂದರೆ ಇಂಜಿನಿಯರಿಂಗ್. ಗಗನಸಖಿಯಾಗುತ್ತೇನೆ ಎನ್ನುವ ಹುಡುಗಿ ಈ ಭಾಗದಲ್ಲಿ ಅಪರೂಪವೇ. 2019ರ ನವೆಂಬರ್ 22ರಂದು ಕಲಬುರಗಿಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ಆ ಕನಸು ಕಾಣುವುದಕ್ಕೆ ಒಂದಿಷ್ಟು ಧೈರ್ಯ ಬಂದಿರಬಹುದು. ಮಗಳು ಮಾತೆತ್ತಿದರೆ ಪಾಲಕರು ಎತ್ತರ ಎಷ್ಟಿರಬೇಕು, ಇಂಗ್ಲಿಷ್ ಎಷ್ಟು ಬರಬೇಕು, ತರಬೇತಿಗೆ ಖರ್ಚೆಷ್ಟು ಎಂದು ವಿಚಾರಿಸುತ್ತಾರೆ. ವಿಮಾನ ಹಾರದೆ ನಿಂತ ದಿನ ಮಗಳ ನೌಕರಿ ಏನಾಗುತ್ತದೆ ಎಂದು ಕೇಳುವವರು ಕಡಿಮೆ.

ಅರ್ಹತೆಯ ವಿಷಯ ಸರಳ. ಹದಿನೆಂಟು ತುಂಬಿರಬೇಕು, ಪಿಯುಸಿ ಪಾಸಾಗಿರಬೇಕು, ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಖಾಸಗಿ ಸಂಸ್ಥೆಗೆ ಲಕ್ಷಗಟ್ಟಲೆ ಶುಲ್ಕ ಕಟ್ಟಿ ಕಲಿಯುವುದು ಕಡ್ಡಾಯವೇನಲ್ಲ; ಆಯ್ಕೆಯಾದವರಿಗೆ ವಿಮಾನ ಕಂಪನಿಯೇ ತನ್ನ ತರಬೇತಿ ನೀಡುತ್ತದೆ. ಹೊಲ ಒತ್ತೆ ಇಡುವ ಮೊದಲು ಇಷ್ಟು ತಿಳಿದಿರುವುದು ಒಳಿತು.

ಪಗಾರದ ಲೆಕ್ಕ ಮಾತ್ರ ಅಷ್ಟು ಸರಳವಲ್ಲ. ಅದರಲ್ಲಿ ಒಂದು ಪಾಲು ಪ್ರತಿ ತಿಂಗಳು ಖಾತ್ರಿಯಾಗಿ ಬರುತ್ತದೆ; ಇನ್ನೊಂದು ಪಾಲು ಹಾರಿದ ಗಂಟೆಗಳ ಮೇಲಿನ ಭತ್ಯೆ. ವಿಮಾನಗಳು ಕಡಿಮೆಯಾದರೆ ಯಾವ ಆದೇಶವೂ ಇಲ್ಲದೆ ಎರಡನೆಯ ಪಾಲು ಕರಗುತ್ತದೆ. ಪರಿಸ್ಥಿತಿ ಇನ್ನೂ ಬಿಗಡಾಯಿಸಿದರೆ ಬರುವುದು ವೇತನರಹಿತ ರಜೆ. ಅಮೆರಿಕದ ಕಂಪನಿಗಳಲ್ಲಿ ನೌಕರ ತಾನಾಗಿ ಬರೆದುಕೊಟ್ಟು ಪಡೆದರೆ ಅದು ಸ್ವಯಂ ರಜೆ. ಕಂಪನಿಯೇ ಮನೆಗೆ ಕಳಿಸಿದರೆ ಫರ್ಲೋ. ಜೈಲಿನ ಸುದ್ದಿಯಲ್ಲಿ ಓದಿದ ಶಬ್ದವೇ ಇದು, ಅರ್ಥ ಬೇರೆ.

ಈ ಸ್ಥಿತಿ ನಮ್ಮ ತಾಲ್ಲೂಕುಗಳಿಗೆ ಹೊಸತಲ್ಲ. ಸರಕಾರಿ ಶಾಲೆಯ ಅತಿಥಿ ಶಿಕ್ಷಕಿಗೆ ಬೇಸಿಗೆಯಲ್ಲಿ ಗೌರವಧನವಿಲ್ಲ. ಶಾಲೆ ತೆರೆದ ಮೇಲೆ ಮತ್ತೆ ಹೊಸ ನೇಮಕ. ಫರ್ಲೋದಲ್ಲಿ ಒಂದು ಅನುಕೂಲ ಹೆಚ್ಚು. ಹೋದವರ ಹೆಸರು ಪಟ್ಟಿಯಲ್ಲಿ ಉಳಿದಿರುತ್ತದೆ, ಕೆಲಸ ಶುರುವಾದಾಗ ಅದೇ ಕ್ರಮದಲ್ಲಿ ಕರೆ ಬರುತ್ತದೆ.

ಆ ಪಟ್ಟಿಯೇ ಸೀನಿಯಾರಿಟಿ. ಮನೆಯಲ್ಲಿ ಶಿಕ್ಷಕರೋ ಬಸ್ ಕಂಡಕ್ಟರೋ ಇದ್ದವರಿಗೆ ಜ್ಯೇಷ್ಠತಾ ಪಟ್ಟಿಯ ಮಹಿಮೆ ಹೇಳಬೇಕಾಗಿಲ್ಲ. ಆದರೆ ಅಮೆರಿಕದಲ್ಲಿ ಗಗನಸಖಿಯ ಬದುಕೆಲ್ಲ ಆ ನಂಬರಿನ ಮೇಲೆ ನಿಂತಿದೆ. ಯಾವ ಊರಿನಿಂದ ಹಾರಬೇಕು, ಯಾವ ಮಾರ್ಗ ಸಿಗಬೇಕು, ಹಬ್ಬಕ್ಕೆ ರಜೆ ಯಾರಿಗೆ ಎಂಬುದೆಲ್ಲ ಸೇರಿದ ದಿನಾಂಕದ ಪ್ರಕಾರ ತೀರ್ಮಾನವಾಗುತ್ತದೆ. ಫರ್ಲೋ ಬಂದಾಗ ಪಟ್ಟಿಯ ಕೆಳಗಿನವರು ಮೊದಲು ಹೊರಗೆ. ಹೀಗಾಗಿ ಅಲ್ಲಿ ಹಿರಿಯಳೊಬ್ಬಳು ತಾನಾಗಿ ರಜೆ ಪಡೆದರೆ ಕಿರಿಯಳೊಬ್ಬಳ ಕೆಲಸ ಉಳಿಯುತ್ತದೆ. 2020ರಲ್ಲಿ ಸೌತ್‌ವೆಸ್ಟ್ ಕಂಪನಿಯ ಸುಮಾರು 17 ಸಾವಿರ ಮಂದಿ ಸ್ವಯಂ ರಜೆ ಇಲ್ಲವೆ ಸ್ವಯಂ ನಿವೃತ್ತಿಗೆ ಒಪ್ಪಿದರು. ಅದೇ ವರ್ಷ ಅಕ್ಟೋಬರ್ 1ರಿಂದ ಅಮೆರಿಕನ್ ಮತ್ತು ಯುನೈಟೆಡ್ ಕಂಪನಿಗಳು 32 ಸಾವಿರಕ್ಕೂ ಹೆಚ್ಚು ನೌಕರರನ್ನು ಫರ್ಲೋಗೆ ಕಳಿಸಿದವು. ವರ್ಷದ ಕೊನೆಗೆ ಸರಕಾರದ ನೆರವು ದೊರೆತ ಮೇಲೆ ವಾಪಸು ಕರೆಸಿಕೊಂಡವು.

ಭಾರತದಲ್ಲಿ ಇಷ್ಟು ಕಟ್ಟುನಿಟ್ಟಿಲ್ಲ. 2008ರ ಅಕ್ಟೋಬರ್ ಮಧ್ಯದಲ್ಲಿ ಜೆಟ್ ಏರ್‌ವೇಸ್ ಸುಮಾರು 800 ಮಂದಿಯನ್ನು ಒಮ್ಮೆಲೇ ತೆಗೆಯಿತು. ಬಹುಪಾಲು ಕ್ಯಾಬಿನ್ ಸಿಬ್ಬಂದಿ, ಇನ್ನೂ ಕಾಯಂ ಆಗದವರು. ಸಮವಸ್ತ್ರದಲ್ಲೇ ಬೀದಿಗಿಳಿದ ಆ ಹುಡುಗ ಹುಡುಗಿಯರನ್ನು ದೇಶವೆಲ್ಲ ಟಿ.ವಿ.ಯಲ್ಲಿ ನೋಡಿತು, ಒಂದೆರಡು ದಿನದಲ್ಲೇ ಕಂಪನಿ ಆದೇಶ ಹಿಂತೆಗೆದುಕೊಂಡಿತು. ಕೊರೊನಾ ಕಾಲದಲ್ಲಿ ಇಂಡಿಗೋ 2020ರ ಮೇ ತಿಂಗಳಿನಿಂದ ಹಂತಕ್ಕೆ ತಕ್ಕಂತೆ ತಿಂಗಳಿಗೆ ಒಂದೂವರೆಯಿಂದ ಐದು ದಿನ ವೇತನರಹಿತ ರಜೆ ಹಾಕಿತು, ಕೆಳಹಂತದ ನೌಕರರನ್ನು ಬಿಟ್ಟು. ಜುಲೈನಲ್ಲಿ ಶೇಕಡಾ 10ರಷ್ಟು ನೌಕರರನ್ನು ಕೈಬಿಡುವುದಾಗಿ ಪ್ರಕಟಿಸಿತು. ಆಗ ಸರಕಾರದ ಕೈಯಲ್ಲಿದ್ದ ಏರ್ ಇಂಡಿಯಾ ಅದೇ ಜುಲೈನಲ್ಲಿ ತಂದ ಯೋಜನೆಯಲ್ಲಿ ಆರು ತಿಂಗಳು ಇಲ್ಲವೆ ಎರಡು ವರ್ಷ ವೇತನರಹಿತ ರಜೆ ಪಡೆಯಬಹುದಿತ್ತು, ಅದನ್ನು ಐದು ವರ್ಷದವರೆಗೆ ಹಿಗ್ಗಿಸಲೂಬಹುದಿತ್ತು. ಸ್ವಯಂ ಎಂಬ ಮಾತಿನ ಪಕ್ಕದಲ್ಲೇ ಇನ್ನೊಂದು ಕಲಮಿತ್ತು: ದಕ್ಷತೆ, ಆರೋಗ್ಯ, ಅಗತ್ಯ ಮುಂತಾದವನ್ನು ನೋಡಿ ಕಂಪನಿಯೇ ಕಡ್ಡಾಯವಾಗಿಯೂ ಕಳಿಸಬಹುದು. ಪಟ್ಟಿಯ ಕ್ರಮ ಹೋಗಿ ಅಧಿಕಾರಿಯ ಅಭಿಪ್ರಾಯ ಬರುವುದು ಇಂಥ ಕಡೆಯೇ.

ಕಾನೂನು ಏನು ಹೇಳುತ್ತದೆ? 1947ರ ಕೈಗಾರಿಕಾ ವಿವಾದ ಕಾಯ್ದೆಯ 25ಜಿ ಕಲಮಿನ ಪ್ರಕಾರ ನೌಕರರನ್ನು ಕಡಿಮೆ ಮಾಡುವಾಗ ಕೊನೆಗೆ ಸೇರಿದವರು ಮೊದಲು ಹೋಗಬೇಕು; ಬೇರೆ ರೀತಿ ಮಾಡಿದರೆ ಮಾಲೀಕ ಕಾರಣ ದಾಖಲಿಸಬೇಕು. ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಬಂದಿರುವ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಈ ತತ್ವ ಉಳಿದಿದೆ. ಹಳೆಯ ಕಾಯ್ದೆಯಲ್ಲಿ ಲೇ-ಆಫ್ ಕಾಲಕ್ಕೆ ಅರ್ಧ ಪಗಾರದ ಕಲಮೂ ಇತ್ತು, ಆದರೆ ಅದು ಕಾರ್ಖಾನೆ, ಗಣಿ, ತೋಟಗಳಿಗೆ ಮಾತ್ರ. ವಿಮಾನ ಕಂಪನಿ ಈ ಮೂರರಲ್ಲಿ ಯಾವುದೂ ಅಲ್ಲ.

ಕಂಪನಿಯೇ ಮುಳುಗಿದರೆ ಸೀನಿಯಾರಿಟಿಯೂ ಅದರೊಡನೆ ಮುಳುಗುತ್ತದೆ. ಬೆಂಗಳೂರಿನ ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ತಿಂಗಳುಗಟ್ಟಲೆ ಸಂಬಳ ಬಾಕಿ ಉಳಿಸಿಕೊಂಡೇ ನಿಂತಿತು. ಜೆಟ್ 2019ರ ಏಪ್ರಿಲ್ 17ರಂದು, ಗೋ ಫಸ್ಟ್ 2023ರ ಮೇ 3ರಂದು ಹಾರಾಟ ನಿಲ್ಲಿಸಿದವು. ಹತ್ತು ಹನ್ನೆರಡು ವರ್ಷ ದುಡಿದವರೂ ಬೇರೆ ಕಂಪನಿಗೆ ಹೋದರೆ ಅಲ್ಲಿಯ ಪಟ್ಟಿಯಲ್ಲಿ ಹೊಸಬರೇ.

ಹೆಣ್ಣುಮಕ್ಕಳ ಪಾಲಿಗೆ ಈ ಪಟ್ಟಿಯಲ್ಲಿ ಉಳಿಯುವುದೇ ಒಂದು ಹೋರಾಟವಾಗಿತ್ತು. ಏರ್ ಇಂಡಿಯಾದ ನಿಯಮದಂತೆ ಗಗನಸಖಿ 35ನೇ ವಯಸ್ಸಿಗೆ, ಇಲ್ಲವೆ ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ, ಇಲ್ಲವೆ ಮೊದಲ ಬಾರಿ ಗರ್ಭಿಣಿಯಾದೊಡನೆ ಮನೆಗೆ ಹೋಗಬೇಕಿತ್ತು. ಜೊತೆಗೆ ದುಡಿಯುವ ಗಂಡಸಿಗೆ 58ರವರೆಗೆ ನೌಕರಿ! ನರ್ಗೀಶ್ ಮೀರ್ಜಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1981ರ ಆಗಸ್ಟ್‌ನಲ್ಲಿ ಗರ್ಭಧಾರಣೆಯ ನಿಯಮವನ್ನು ರದ್ದುಗೊಳಿಸಿತು. ಮದುವೆಯ ನಿಯಮವನ್ನು ಮಾತ್ರ ಎತ್ತಿಹಿಡಿಯಿತು. 2017ರ ತಿದ್ದುಪಡಿಯ ನಂತರ ಮೊದಲೆರಡು ಮಕ್ಕಳಿಗೆ 26 ವಾರಗಳ ವೇತನಸಹಿತ ಹೆರಿಗೆ ರಜೆಯಿದೆ. ಗರ್ಭಿಣಿಯಾದವರು ಹಾರುವಂತಿಲ್ಲ ಎಂಬುದರಿಂದ ರಜೆ ಆರಂಭಕ್ಕೆ ಮೊದಲೇ ಹಾರಾಟದ ಭತ್ಯೆ ನಿಲ್ಲಬಹುದು. ಆ ತಿಂಗಳುಗಳಲ್ಲಿ ನೆಲದ ಮೇಲೆ ಬೇರೆ ಕೆಲಸ ಕೊಡುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ನೇಮಕ ಪತ್ರ ಕೈಗೆ ಬಂದಾಗ ಸಮವಸ್ತ್ರದ ಫೋಟೋಕ್ಕಿಂತ ಮುಂಚೆ ಅದನ್ನು ತಂದೆ, ಮಗಳು ಕೂತು ಓದಬೇಕು. ವೇತನರಹಿತ ರಜೆಯಲ್ಲಿ ಸೇವಾ ಅವಧಿ ಮುಂದುವರಿಯುತ್ತದೆಯೇ, ವೈದ್ಯಕೀಯ ಸೌಲಭ್ಯ ಉಳಿಯುತ್ತದೆಯೇ, ಆ ಕಾಲದಲ್ಲಿ ಬೇರೆ ದುಡಿಮೆ ಮಾಡಬಹುದೇ, ಬಾಂಡ್ ಬರೆದುಕೊಟ್ಟಿದ್ದರೆ ರಜೆಯ ದಿನಗಳು ಅದರ ಲೆಕ್ಕಕ್ಕೆ ಬರುತ್ತವೆಯೇ, ವಾಪಸು ಕರೆಯುವ ಕ್ರಮ ಯಾವುದು ಎಂಬುದು ಅದರಲ್ಲಿ ಇಲ್ಲವೆ ಕಂಪನಿಯ ನಿಯಮಾವಳಿಯಲ್ಲಿ ಇರುತ್ತದೆ. ಇಲ್ಲದಿದ್ದರೆ ಬರೆದು ಕೇಳಬೇಕು, ಬಾಯಿಮಾತು ಸಾಲದು. 371(ಜೆ) ಪ್ರಮಾಣಪತ್ರ ಖಾಸಗಿ ಕಂಪನಿಯಲ್ಲಿ ನಡೆಯುವುದಿಲ್ಲ. ಆದರೂ ಅದನ್ನು ಮಾಡಿಸಿ ಇಟ್ಟುಕೊಂಡಿರಲಿ, ವಿಮಾನ ನಿಂತ ಕಾಲಕ್ಕೆ ಊರಿನ ಸರಕಾರಿ ನೌಕರಿಗೆ ಅರ್ಜಿ ಹಾಕುವಾಗ ಬೇಕಾಗುತ್ತದೆ.