ಮೊದಲು ಜರಡಿ, ಆಮೇಲೆ ಪರೀಕ್ಷೆ

ಸೇವೆಯಲ್ಲಿದ್ದಾಗ ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಬೆಲೆಬಾಳುವ ಯಂತ್ರವೊಂದು ನಡೆಸುವವರಿಲ್ಲದೆ ಮುಸುಕು ಹೊದ್ದು ಕುಳಿತಿದ್ದುದನ್ನು ಕಂಡಿದ್ದೆ. ರಕ್ತಪರೀಕ್ಷೆಯಿಂದಲೇ ಕ್ಯಾನ್ಸರ್ ಪತ್ತೆ ಎಂಬ ಸುದ್ದಿಗಳನ್ನು ಓದಿದಾಗಲೆಲ್ಲ ಆ ಯಂತ್ರ ನೆನಪಾಗುತ್ತದೆ.

ಈ ಭರವಸೆಯ ಒಂದು ಆಧಾರ ಎಕ್ಸೊಸೋಮ್. ಜೀವಕೋಶಗಳು ಹೊರಸೂಸುವ, ಸುಮಾರು 30ರಿಂದ 150 ನ್ಯಾನೊಮೀಟರ್ ಗಾತ್ರದ ಸೂಕ್ಷ್ಮ ಚೀಲ. 1983ರಲ್ಲಿ ಕೆನಡಾ ಮತ್ತು ಅಮೆರಿಕದ ಎರಡು ತಂಡಗಳು ಎಳೆಯ ಕೆಂಪು ರಕ್ತಕಣಗಳಲ್ಲಿ ಇದರ ಹುಟ್ಟನ್ನು ಗುರುತಿಸಿದವು. ಬಹುಕಾಲ ಕೋಶದ ಕಸವೆಂದೇ ಎಣಿಸಲಾಗಿದ್ದ ಇದು ಆರ್‌ಎನ್‌ಎಯನ್ನು ಕೋಶದಿಂದ ಕೋಶಕ್ಕೆ ಒಯ್ಯುತ್ತದೆಂದು 2007ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದರು. ಕ್ಯಾನ್ಸರ್ ಕೋಶವೂ ಇಂಥ ಚೀಲಗಳಲ್ಲಿ ತನ್ನ ಗುರುತನ್ನು ಬಿಟ್ಟುಕೊಡುತ್ತದೆ.

ತೊಡಕಿರುವುದು ಬೇರ್ಪಡಿಸುವುದರಲ್ಲಿ. ರೂಢಿಯ ವಿಧಾನದಲ್ಲಿ ಗುರುತ್ವದ ಲಕ್ಷ ಪಟ್ಟು ಬಲ ಬರುವಂತೆ ಮಾದರಿಯನ್ನು ಗಂಟೆಗಟ್ಟಲೆ ತಿರುಗಿಸಬೇಕು. ಅಂಥ ಯಂತ್ರ ತಾಲ್ಲೂಕು ಆಸ್ಪತ್ರೆಗೆ ಎಟುಕದು. ಇದಕ್ಕೆ ಪರ್ಯಾಯವೇ ಮೈಕ್ರೊಫ್ಲೂಯಿಡಿಕ್ಸ್. ಪುಟ್ಟ ಚಿಪ್‌ನಲ್ಲಿ ಕೂದಲೆಳೆಯಷ್ಟು ಸಪೂರವಾದ ಕಾಲುವೆಗಳು. 2016ರಲ್ಲಿ ಐಬಿಎಂ ಸಂಶೋಧಕರು ಓರೆಯಾಗಿ ಜೋಡಿಸಿದ ಅತಿಸೂಕ್ಷ್ಮ ಕಂಬಗಳ ನಡುವೆ ದ್ರವ ಹರಿಸಿ ಎಕ್ಸೊಸೋಮ್‌ಗಳನ್ನು ಗಾತ್ರಾನುಸಾರ ವಿಂಗಡಿಸಿದರು: ದೊಡ್ಡವು ಪಕ್ಕಕ್ಕೆ ಸರಿದವು, ಸಣ್ಣವು ಹರಿವಿನೊಡನೆ ಸಾಗಿದವು. ಮರುವರ್ಷ ಡ್ಯೂಕ್ ವಿಶ್ವವಿದ್ಯಾಲಯದವರಿದ್ದ ತಂಡವೊಂದು ಶಬ್ದತರಂಗಗಳ ನೆರವಿನಿಂದ ಅವನ್ನು ನೇರವಾಗಿ ರಕ್ತದಿಂದಲೇ ಬೇರ್ಪಡಿಸಿತು.

ಆದರೆ ಜರಡಿಗೆ ಗಾತ್ರ ಗೊತ್ತೇ ಹೊರತು ಗುಣ ಗೊತ್ತಿಲ್ಲ. ರಕ್ತದಲ್ಲಿ ಕೊಬ್ಬು ಹೊರುವ ಕೆಲವು ಕಣಗಳೂ ಇದೇ ಗಾತ್ರದವು. ಆದ್ದರಿಂದಲೇ ಚೀಲದ ಮೇಲ್ಮೈ ಪ್ರೋಟೀನನ್ನು ಹಿಡಿಯುವ ಪ್ರತಿಕಾಯಗಳನ್ನು ಕಾಲುವೆಗೆ ಲೇಪಿಸುವ ವಿಧಾನವೂ ಬಂದಿದೆ. ಕಾಲುವೆ ಕಟ್ಟಿಕೊಳ್ಳುವ ಸಮಸ್ಯೆಯಂತೂ ಇದ್ದೇ ಇದೆ.

ಇಷ್ಟೆಲ್ಲ ಬಗೆಹರಿಯುವವರೆಗೆ ಮಾರುಕಟ್ಟೆ ಕಾಯುವುದಿಲ್ಲವೆಂಬುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಬಲ್ಲೆ. ಎಕ್ಸೊಸೋಮ್ ಹೆಸರಿನ ಉತ್ಪನ್ನಗಳನ್ನು ಚಿಕಿತ್ಸೆಯಾಗಿ ಪಡೆದ ರೋಗಿಗಳು ತೊಂದರೆಗೀಡಾದಾಗ ಅಮೆರಿಕದ ಎಫ್‌ಡಿಎ 2019ರಲ್ಲಿ ಎಚ್ಚರಿಕೆ ನೀಡಬೇಕಾಯಿತು. ಶುದ್ಧತೆ ಅಳೆಯದ ಸರಕನ್ನು ಕೊಳ್ಳುವವನು ಹಣದೊಡನೆ ಆರೋಗ್ಯವನ್ನೂ ಒತ್ತೆಯಿಡುತ್ತಾನೆ.

ಚಿಪ್ ತಯಾರಿಕೆಗೆ ಬೇಕಾದ ನ್ಯಾನೊ ಫ್ಯಾಬ್ರಿಕೇಶನ್ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ ಇದೆ. ಸಾರ್ವಜನಿಕ ಹಣ ಮೊದಲು ಅಗ್ಗದ ಚಿಪ್, ಶುದ್ಧತೆಯ ಮಾನದಂಡ ಹಾಗೂ ತಂತ್ರಜ್ಞರ ತರಬೇತಿಗೆ ಸಲ್ಲಲಿ. ಅದ್ಭುತ ಪರೀಕ್ಷೆಗಳ ಘೋಷಣೆ ಆಮೇಲೆ ಬರಲಿ. ಮುಸುಕು ಹೊದ್ದ ಇನ್ನೊಂದು ಯಂತ್ರ ನಮಗೆ ಬೇಡ.