ಎಲ್ಲರಿಗೂ ಒಂದೇ ‘ಎ’

ಶಾಲೆಯ ಫಲಿತಾಂಶದ ದಿನ ನಮ್ಮ ಮದ್ರಸದ ಜಗಲಿಯಲ್ಲಿ ಮಕ್ಕಳ ಒಂದು ಸಣ್ಣ ಗುಂಪು ಸೇರುವುದು ವಾಡಿಕೆ. ಪ್ರಗತಿ ಪತ್ರವನ್ನು ಉಸ್ತಾದರಿಗೂ ಒಮ್ಮೆ ತೋರಿಸಿಯೇ ಅವರು ಮನೆಗೆ ಹೋಗುವುದು. ಕಳೆದ ಸಲ ಒಂದೇ ಸರಕಾರಿ ಶಾಲೆಯ ಆರನೇ ಕ್ಲಾಸಿನ ಏಳೆಂಟು ಕಾರ್ಡುಗಳನ್ನು ಒಟ್ಟಿಗೆ ನೋಡಿದೆವು. ಗಣಿತ, ಕನ್ನಡ, ಇಂಗ್ಲಿಷ್‌ನಲ್ಲಿ ಒಬ್ಬೊಬ್ಬರದು ಒಂದೊಂದು ತರ. ‘ಕಲಾ ಶಿಕ್ಷಣ’ ಎಂಬ ಸಾಲಿನಲ್ಲಿ ಮಾತ್ರ ಎಲ್ಲರಿಗೂ ‘ಎ’. ಈ ವರ್ಷ ಎಂತೆಲ್ಲ ಚಿತ್ರ ಬಿಡಿಸಿದಿರಿ ಅಂತ ಕೇಳಿದರೆ ಮಕ್ಕಳು ಮುಖ ಮುಖ ನೋಡಿಕೊಂಡರು. “ಚಿತ್ರದ ಪೀರಿಯಡ್‌ನಲ್ಲಿ ಗಣಿತ ಮಾಡ್ತಾರೆ ಉಸ್ತಾದ್” ಎಂದಳು ಒಬ್ಬಳು.

ಆ ಗುಂಪಿನಲ್ಲಿ ಒಬ್ಬ ಹುಡುಗ ಇದ್ದ. ಓದುವುದರಲ್ಲಿ ಹಿಂದೆ. ಅವನ ನೋಟ್‌ಬುಕ್ಕಿನ ಹಿಂದಿನ ಪುಟ ತಿರುಗಿಸಿದರೆ ಮಾತ್ರ ಮೀನಿನ ಬೋಟುಗಳು. ಹಗ್ಗ ಎಲ್ಲಿ ಕಟ್ಟಿದೆ, ಬಲೆ ಎಲ್ಲಿಂದ ಇಳಿಯುತ್ತದೆ, ನೀರಿನಲ್ಲಿ ನೆರಳು ಹೇಗೆ ಬೀಳುತ್ತದೆ, ಎಲ್ಲ ಲೆಕ್ಕಾಚಾರದಿಂದ ಬಿಡಿಸಿದ್ದು. ಒಂದು ದಿನ ಅದಕ್ಕಾಗಿ ಅವನಿಗೆ ನಾವೇ ಗದರಿದ್ದು ಉಂಟು. ಅವನ ಉಮ್ಮ ಕಾರ್ಡ್ ನೋಡಿ ಹೇಳಿದ್ದು ಇಷ್ಟೇ: “ಇವನಿಗೆ ತಲೆ ಹತ್ತುವುದಿಲ್ಲ ಉಸ್ತಾದ್‌ರೇ. ದೊಡ್ಡವನಾದ ಮೇಲೆ ಮಾಮನೊಟ್ಟಿಗೆ ಬೋಟಿಗೆ ಕಳಿಸುವುದು.” ಬೋಟಿನ ಕೆಲಸ ಕೀಳು ಅಂತ ನಾವು ಹೇಳುವುದಿಲ್ಲ. ಆದರೆ ಆ ಕಾರ್ಡ್ ಆ ತಾಯಿಗೆ ಮಗನ ಬಗ್ಗೆ ಅರ್ಧ ಸತ್ಯವನ್ನಷ್ಟೇ ಹೇಳಿತ್ತು. ಅವನ ‘ಎ’ಯೂ, ಪೆನ್ಸಿಲ್ ಮುಟ್ಟದ ಹುಡುಗನ ‘ಎ’ಯೂ ಒಂದೇ ಆದರೆ ಅವನ ಕೈಯಲ್ಲಿ ಏನಿದೆ ಅಂತ ಆಕೆಗೆ ಗೊತ್ತಾಗುವುದು ಹೇಗೆ?

ಕಾನೂನು ಈ ವಿಷಯದಲ್ಲಿ ಸುಮ್ಮನೆ ಕೂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ಮಗುವಿನ ಸರ್ವತೋಮುಖ ಬೆಳವಣಿಗೆ ಆಗಬೇಕು, ಕಲಿಕೆಯನ್ನು ನಿರಂತರವಾಗಿ ಮತ್ತು ವ್ಯಾಪಕವಾಗಿ ಅಳೆಯಬೇಕು ಅಂತ ಹೇಳುತ್ತದೆ. ಆರರಿಂದ ಎಂಟನೇ ತರಗತಿವರೆಗೆ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಕಲಾ ಶಿಕ್ಷಣ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಾರ್ಯಾನುಭವ ಇವಕ್ಕೆ ಅರೆಕಾಲಿಕ ಬೋಧಕರು ಇರಬೇಕು ಅಂತ ಅದೇ ಕಾಯಿದೆಯ ಅನುಸೂಚಿಯಲ್ಲಿ ಬರೆದಿದೆ. ನಮ್ಮ ರಾಜ್ಯದ ಸಿಸಿಇ ಪದ್ಧತಿಯಲ್ಲಿ ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ ಮೌಲ್ಯಮಾಪನಗಳ ಜೊತೆಗೆ ಕಲೆ, ಆಟ, ಕಾರ್ಯಾನುಭವಗಳಿಗೆ ‘ಭಾಗ-ಬಿ’ ಉಂಟು. ಮಗು ವರ್ಷವಿಡೀ ಮಾಡಿದ ಕೆಲಸವನ್ನು ಸೇರಿಸಿಡಲು ‘ಕೃತಿ ಸಂಪುಟ’ ಎಂಬ ಫೈಲೂ ಉಂಟು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ ಪಠ್ಯ, ಸಹಪಠ್ಯ ಎಂಬ ಗೋಡೆಯೇ ಬೇಡ ಅನ್ನುತ್ತದೆ. ಕಾಗದದಲ್ಲಿ ಇಷ್ಟೆಲ್ಲ ಇದ್ದೂ ತರಗತಿಯಲ್ಲಿ ಬಣ್ಣದ ಪೆಟ್ಟಿಗೆ ತೆರೆಯುವುದಿಲ್ಲ.

ಟೀಚರ್‌ಗಳನ್ನು ದೂರಿ ಪ್ರಯೋಜನ ಇಲ್ಲ. ಆ ಶಾಲೆಯ ಟೀಚರ್ ಒಬ್ಬರು ನಮ್ಮಲ್ಲಿ ಮನಸ್ಸು ಬಿಚ್ಚಿ ಹೇಳಿದರು: “ಚಿತ್ರಕ್ಕೆ ಟೀಚರ್ ಇಲ್ಲ ಉಸ್ತಾದ್‌ರೇ. ಕಾಲಂ ಖಾಲಿ ಬಿಡುವ ಹಾಗೂ ಇಲ್ಲ. ಕಡಿಮೆ ಹಾಕಿದರೆ ಮಕ್ಕಳಿಗೆ ಬೇಜಾರು, ಅದಕ್ಕೆ ಎಲ್ಲರಿಗೂ ಎ.” ಇದು ಕರುಣೆಯಿಂದ ಹಾಕಿದ ‘ಎ’ ಇರಬಹುದು. ಆದರೆ ಕಲಿಸದೆ ಕೊಟ್ಟ ಗ್ರೇಡು ಮಗುವಿಗೂ ಸುಳ್ಳು, ಮೇಲಿನ ಆಫೀಸಿಗೂ ಸುಳ್ಳು. ಎಲ್ಲ ಮಕ್ಕಳಿಗೂ ‘ಎ’ ಬಂದಿದೆ ಅಂತ ದಾಖಲೆ ಹೇಳುವಾಗ ಚಿತ್ರದ ಟೀಚರ್ ಬೇಕು ಅಂತ ಯಾರು ಕೇಳುತ್ತಾರೆ? ಖಾಲಿ ಇರುವ ಹುದ್ದೆಯನ್ನು ಮುಚ್ಚಿಡುತ್ತಿರುವುದು ಈ ‘ಎ’ಯೇ.

‘ಪ್ರತಿಭಾ ಕಾರಂಜಿ ಉಂಟಲ್ಲ’ ಅಂತ ಕೆಲವರು ಹೇಳಬಹುದು. ಒಳ್ಳೆಯ ಕಾರ್ಯಕ್ರಮ, ಸಂಶಯ ಇಲ್ಲ. ಚಿತ್ರಕಲೆ, ಜೇಡಿಮಣ್ಣಿನ ಮಾದರಿ, ಜನಪದ ನೃತ್ಯದ ಜೊತೆಗೆ ಅರೇಬಿಕ್ ಧಾರ್ಮಿಕ ಪಠಣ, ಕವ್ವಾಲಿ, ಘಜಲ್‌ಗೂ ಅಲ್ಲಿ ಜಾಗ ಉಂಟು. ನಮ್ಮ ಮದ್ರಸದ ಮಕ್ಕಳು ಕ್ಲಸ್ಟರ್ ದಾಟಿ ತಾಲೂಕು, ಜಿಲ್ಲೆಗೆ ಹೋದದ್ದನ್ನು ನೋಡಿ ಸಂತೋಷಪಟ್ಟವರು ನಾವು. ಆದರೆ ಸ್ಪರ್ಧೆ ಇರುವುದು ಗೆಲ್ಲುವವರಿಗೆ. ಮನೆಯಲ್ಲೇ ಕಲಿತು ಬಂದ ಇಬ್ಬರು ಮೂವರು ವೇದಿಕೆ ಹತ್ತುತ್ತಾರೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ.

ಗಡಿಯಾಚೆ ಕೇರಳದಲ್ಲಿ ಶಾಲಾ ಕಲೋತ್ಸವ 1957ರಿಂದ ನಡೆದು ಬಂದಿದೆ. ದಫ್, ಒಪ್ಪನ, ಕೋಲ್ಕಳಿಯಂಥ ಮಾಪಿಳ್ಳ ಕಲೆಗಳಿಗೆ ಅಲ್ಲಿ ದೊಡ್ಡ ವೇದಿಕೆ ಸಿಕ್ಕಿದೆ. ರಾಜ್ಯ ಮಟ್ಟದಲ್ಲಿ ಗ್ರೇಡ್ ಪಡೆದವರಿಗೆ ಗ್ರೇಸ್ ಮಾರ್ಕ್ ಕೊಡುವ ಪದ್ಧತಿಯೂ ಬಂದಿದೆ. ಕಲೆಗೆ ಗೌರವ ಸಿಕ್ಕಿದ್ದು ನಿಜ. ಆದರೆ ಮಾರ್ಕ್ ಇದೆ ಅಂದ ಕೂಡಲೇ ಉಡುಪಿಗೆ, ತರಬೇತುದಾರರಿಗೆ ಹಣ ಸುರಿಯುವವರದೇ ಮೇಲುಗೈ ಆಗುತ್ತದೆ ಎಂಬ ದೂರೂ ಅಲ್ಲಿಯದ್ದೇ. ಆದ್ದರಿಂದ ವೇದಿಕೆಯನ್ನಷ್ಟೇ ದೊಡ್ಡದು ಮಾಡಿದರೆ ಸಾಲದು. ಬೀಡಿ ಕಟ್ಟುವ ಮನೆಯ ಹುಡುಗಿಗೂ ವಾರಕ್ಕೊಂದು ಗಂಟೆ ಕಾಗದ, ಬಣ್ಣ, ಕಲಿಸುವವರು ಸಿಗಬೇಕು. ಅಳತೆ ಆಗಬೇಕಾದದ್ದು ಆ ಗಂಟೆಯ ಕೆಲಸದಿಂದ.

ಕಲೆಯನ್ನು ಅಳೆಯುವುದು ಹೇಗೆ? ಪಕ್ಕದ ಮಗುವಿನ ಚಿತ್ರದೊಟ್ಟಿಗೆ ಹೋಲಿಸಿ ಅಲ್ಲ. ಜೂನ್‌ನಲ್ಲಿ ಬಿಡಿಸಿದ ತೆಂಗಿನ ಮರ, ಫೆಬ್ರವರಿಯಲ್ಲಿ ಬಿಡಿಸಿದ ತೆಂಗಿನ ಮರ ಎರಡನ್ನೂ ಅದೇ ಫೈಲಿನಲ್ಲಿ ಇಟ್ಟು ನೋಡಿ. ಕೈ ಪಳಗಿದೆಯಾ, ಕಣ್ಣು ಸೂಕ್ಷ್ಮ ಆಗಿದೆಯಾ, ಹಿಡಿದ ಕೆಲಸ ಮುಗಿಸುವ ತಾಳ್ಮೆ ಬಂದಿದೆಯಾ ಅಂತ ಯಾರಿಗೂ ಗೊತ್ತಾಗುತ್ತದೆ. ಗ್ರೇಡಿನ ಪಕ್ಕದಲ್ಲಿ ಟೀಚರ್ ಒಂದೇ ಸಾಲು ಬರೆದರೆ ಸಾಕು. “ಬೋಟು, ಯಂತ್ರಗಳನ್ನು ಅಳತೆ ತಪ್ಪದೆ ಬಿಡಿಸುತ್ತಾನೆ” ಎಂಬ ಒಂದು ಸಾಲು ಆ ಹುಡುಗನ ಕಾರ್ಡಿನಲ್ಲಿ ಇದ್ದಿದ್ದರೆ, ಅವನ ಉಮ್ಮನ ಮಾತು ಬೇರೆಯೇ ಆಗುತ್ತಿತ್ತು. ಕರ್ನಾಟಕದಲ್ಲಿ ಲೋವರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗಳಿವೆ. ಐಟಿಐಯಲ್ಲಿ ಡ್ರಾಫ್ಟ್ಸ್‌ಮನ್ ಕೋರ್ಸ್ ಉಂಟು, ದೃಶ್ಯಕಲಾ ಕಾಲೇಜುಗಳುಂಟು. ದಾರಿ ಇದೆ ಅಂತ ಹೇಳುವವರೇ ಇಲ್ಲ.

ನಮ್ಮ ಮನೆಗಳ ಹಿಂಜರಿಕೆಯ ಬಗ್ಗೆಯೂ ಒಂದು ಮಾತು. ಚಿತ್ರ, ಹಾಡು ಅಂದರೆ ಕೆಲವು ಹೆತ್ತವರು ಮಗುವನ್ನು ಹಿಂದೆ ಎಳೆದುಕೊಳ್ಳುತ್ತಾರೆ. ಜೀವಿಗಳ ರೂಪ ಬಿಡಿಸುವುದು ನಿಮಗೆ ಇಷ್ಟ ಇಲ್ಲವಾದರೆ ಟೀಚರಲ್ಲಿ ಹೇಳಿ. ಮರ, ಬಳ್ಳಿ, ಕಟ್ಟಡ, ರೇಖೆಯ ವಿನ್ಯಾಸ, ಅಕ್ಷರ ಇವು ಕಡಿಮೆಯಾ? ಮಸೀದಿಯ ಗೋಡೆಯ ಖತ್ ಬರಹ ನೋಡಿ ‘ಮಾಶಾ ಅಲ್ಲಾಹ್’ ಅನ್ನುವ ನಾವು, ಅದನ್ನು ಬರೆದ ಕೈಯೂ ಒಂದು ಕಾಲದಲ್ಲಿ ಮಗುವಿನ ಕೈ ಆಗಿತ್ತು ಎಂಬುದನ್ನು ಮರೆಯಬಾರದು. ಮೀಲಾದ್ ಕಾರ್ಯಕ್ರಮಕ್ಕೆ ತಿಂಗಳುಗಟ್ಟಲೆ ಹಾಡು, ದಫ್ ಅಭ್ಯಾಸ ಮಾಡಿಸುವ ನಮ್ಮವರು ಶಾಲೆಯ ಕಲಾ ಪೀರಿಯಡ್ ಬಗ್ಗೆ ಒಂದು ದಿನವೂ ಕೇಳದಿರುವುದು ಸರಿಯಲ್ಲ.

ಕೇಳುವುದಕ್ಕೆ ಜಾಗವೂ ಉಂಟು. ಎಸ್‌ಡಿಎಂಸಿಯಲ್ಲಿ ಇರುವವರು ಹೆತ್ತವರೇ. ಮುಂದಿನ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿ: ವೇಳಾಪಟ್ಟಿಯಲ್ಲಿರುವ ಕಲಾ ಪೀರಿಯಡ್ ನಡೆಯುತ್ತಿದೆಯಾ? ನಮ್ಮ ಮಗುವಿನ ಕೃತಿ ಸಂಪುಟ ತೋರಿಸುತ್ತೀರಾ? ಕಲಾ ಬೋಧಕರು ಬೇಕು ಅಂತ ಠರಾವು ಬರೆದು ಬಿಇಒ ಕಚೇರಿಗೆ ಕಳಿಸಿದ್ದೇವಾ? ಜಗಳ ಮಾಡುವುದು ಬೇಡ, ಮರ್ಯಾದೆಯಿಂದಲೇ ಕೇಳಿ. ಬೋಧಕರು ಬರುವವರೆಗೆ ಊರಿನ ಬಡಗಿ, ಬೋರ್ಡ್ ಬರೆಯುವವರು, ಮೆಹಂದಿ ಹಾಕುವ ಹೆಣ್ಣುಮಕ್ಕಳು ತಿಂಗಳಿಗೊಮ್ಮೆ ಶಾಲೆಗೆ ಹೋಗಿ ಕೈಕೆಲಸ ತೋರಿಸಬಹುದು. ಜಮಾಅತ್‌ಗಳು ಸನ್ಮಾನದ ಶಾಲಿನ ಖರ್ಚಿನಲ್ಲಿ ಸ್ವಲ್ಪ ಉಳಿಸಿ ಒಂದು ತರಗತಿಗೆ ಬಣ್ಣದ ಪೆಟ್ಟಿಗೆ ಕೊಡಿಸಬಹುದು. ಆದರೆ ಇವು ಬೋಧಕರ ನೇಮಕಕ್ಕೆ ಬದಲಿ ಅಲ್ಲ. ಅದು ಸರಕಾರದ ಹೊಣೆ, ಅದನ್ನು ಕೇಳುತ್ತಲೇ ಇರಬೇಕು.

ಆ ಹುಡುಗ ಈಗ ಏಳನೇ ಕ್ಲಾಸ್. ಅವನಿಗೆ ಗೆರೆ ಇಲ್ಲದ ಒಂದು ಪುಸ್ತಕ ತೆಗೆದುಕೊಟ್ಟಿದ್ದೇವೆ, ಗದರಿದ್ದಕ್ಕೆ ಕ್ಷಮೆಯನ್ನೂ ಕೇಳಿದ್ದೇವೆ. ಮುಂದಿನ ಏಪ್ರಿಲ್‌ನಲ್ಲಿ ಅವನ ಕಾರ್ಡಿನಲ್ಲಿ ‘ಬಿ’ ಬಂದರೂ ಚಿಂತೆ ಇಲ್ಲ, ಅದು ಅವನ ಕೆಲಸ ನೋಡಿ ಹಾಕಿದ ‘ಬಿ’ ಆಗಿರಲಿ.