ಮಗು ಕಟ್ಟಿದ ಗಂಟು

ಚಪ್ಪರವೆಂದೊಡನೆ ಕನ್ನಡಿಗರಿಗೆ ನೆನಪಾಗುವುದು ಮದುವೆಯ ಮನೆ. ಆದರೆ ಮದುವೆಯಿಲ್ಲದ ಮನೆಯಲ್ಲಿಯೂ ವರ್ಷಕ್ಕೊಮ್ಮೆ ಏಳಬಹುದಾದ ಚಪ್ಪರವೊಂದುಂಟು. ಅದು ಹಿತ್ತಲಿನಲ್ಲಿ ಹೀರೆ, ಹಾಗಲ, ಪಡವಲಗಳಿಗಾಗಿ ಕಟ್ಟುವ ಚಪ್ಪರ. ಮಕ್ಕಳನ್ನು ಜೊತೆಗೆ ಸೇರಿಸಿಕೊಂಡು ಮಾಡಬಹುದಾದ ಮನೆಗೆಲಸಗಳಲ್ಲಿ ಇದಕ್ಕೆ ಸಮನಾದುದು ವಿರಳ.

ಕೆಲಸವೇನೋ ಸರಳವಾದುದೇ. ಏಳೂವರೆ ಅಡಿ ಉದ್ದದ ನಾಲ್ಕು ಬಿದಿರುಗಳಗಳನ್ನು ಒಂದೂವರೆ ಅಡಿ ಆಳಕ್ಕೆ ನೆಟ್ಟು, ಬುಡಕ್ಕೆ ಕಲ್ಲುಮಣ್ಣು ತುಂಬಿ ಗುದ್ದಿದರೆ ಮೇಲೆ ಆರಡಿ ಉಳಿಯುತ್ತದೆ. ತಲೆಯ ಮೇಲೆ ಸುತ್ತಲೂ ನಾಲ್ಕು ಅಡ್ಡಗಳಗಳನ್ನು ಕಟ್ಟಿ, ನಡುವೆ ಗೇಣಿಗೊಂದರಂತೆ ತೆಂಗಿನ ನಾರಿನ ಹುರಿಯನ್ನು ಉದ್ದಕ್ಕೂ ಅಡ್ಡಕ್ಕೂ ಎಳೆಯಬೇಕು. ಮಗುವಿನ ಗೇಣೂ ತಾತನ ಗೇಣೂ ಒಂದೇ ಅಲ್ಲವೆಂಬ ಗಣಿತ ಅಲ್ಲಿಯೇ ತಿಳಿದುಬರುತ್ತದೆ. ಕೊನೆಗೆ, ಬೀಜ ಊರಿದ ಪ್ರತಿಯೊಂದು ಪಾತಿಯಿಂದ ಚಪ್ಪರಕ್ಕೆ ಒಂದೊಂದು ಹುರಿ. ಅದರ ಮೇಲಿನ ಗಂಟು ಹಿರಿಯರದು. ಕೆಳಗೆ ಗೂಟದ ಗಂಟು ಮಗುವಿನದು.

ತೊಡಕು ಹುಟ್ಟುವುದು ಈ ಕೆಳಗಿನ ಗಂಟಿನಲ್ಲಿಯೇ. ಎಂಟು ವರ್ಷದ ಕೈ ಹಾಕಿದ ಗಂಟು ಸಡಿಲವಾಗಿರುತ್ತದೆ. ಮಗು ಮಲಗಿದ ಮೇಲೆ ತಂದೆ ಟಾರ್ಚು ಹಿಡಿದು ಹಿತ್ತಲಿಗೆ ಹೋಗಿ ಎಲ್ಲವನ್ನೂ ಬಿಚ್ಚಿ ಬಿಗಿದು ಬರುತ್ತಾನೆ. ಅವನ ಉದ್ದೇಶ ಒಳ್ಳೆಯದೇ. ಆದರೆ ತನ್ನ ಗಂಟು ಹೇಗಿತ್ತೆಂಬುದನ್ನು ಮಗು ಬಲ್ಲದು. ಮರುದಿನ ಸಂಜೆ ನೀರು ಹಾಕಲು ಕರೆದರೆ, “ಅದು ನಿಮ್ಮ ಚಪ್ಪರ ಅಲ್ಲವೇ ಅಪ್ಪ?” ಎಂಬ ಉತ್ತರ ಬರುತ್ತದೆ. ಅಂದಿನಿಂದ ಹಿತ್ತಲಿನ ಕಡೆ ಆ ಮಗುವಿನ ಹೆಜ್ಜೆ ತಿರುಗುವುದಿಲ್ಲ.

ಕಂಬ ಮತ್ತು ಅಡ್ಡಗಳಗಳ ಭದ್ರತೆ ಹಿರಿಯರ ಹೊಣೆ. ಅಲ್ಲಿ ಸಡಿಲು ಸಲ್ಲದು. ಆದರೆ ಮಗುವಿನ ಪಾಲಿನ ಹುರಿ ಗಾಳಿಗೆ ಜಾರಿದರೆ ಜಾರಲಿ. ಎಳೆಯ ಬಳ್ಳಿ ಒಂದು ದಿನ ನೆಲಕ್ಕೊರಗಿದ ಮಾತ್ರಕ್ಕೆ ಸಾಯದು. “ಬಿದ್ದುಬಿಟ್ಟಿದೆ!” ಎಂದು ಓಡಿಬಂದ ಮಗುವಿಗೆ ಗಂಟಿನ ಬಗೆಯನ್ನು ಇನ್ನೊಮ್ಮೆ ತೋರಿಸಿದರೆ ಸಾಕು. ಎರಡನೆಯ ಗಂಟು ನಿಲ್ಲುತ್ತದೆ.

ಆಮೇಲಿನ ಪಾಠವನ್ನು ಬಳ್ಳಿಯೇ ಹೇಳಿಕೊಡುತ್ತದೆ. ಅವರೆಯ ಬಳ್ಳಿ ತಾನೇ ಹುರಿಯನ್ನು ಸುತ್ತಿಕೊಂಡು ಏರುತ್ತದೆ. ಹೀರೆ, ಹಾಗಲಗಳಾದರೋ ಗೆಣ್ಣಿನಿಂದ ದಾರದಂತಹ ಕುಡಿಗಳನ್ನು ಚಾಚಿ ಆಸರೆಯನ್ನು ಅರಸುತ್ತವೆ. ದಪ್ಪ ಕಂಬವನ್ನು ಅವು ಅಪ್ಪಲಾರವು; ಸಣ್ಣ ಹುರಿಯೇ ಅವಕ್ಕೆ ಬೇಕು. ಹಿಡಿತ ಸಿಕ್ಕ ಕುಡಿ ಸುರುಳಿಯಾಗುತ್ತದೆ. ಒಂದು ಪಾಲು ಒಂದು ದಿಕ್ಕಿಗೆ, ಇನ್ನೊಂದು ಪಾಲು ಅದರ ಎದುರು ದಿಕ್ಕಿಗೆ. ಹಬ್ಬುವ ಸಸ್ಯಗಳನ್ನು ಕುರಿತು 1865ರಲ್ಲಿ ದೀರ್ಘ ಪ್ರಬಂಧವನ್ನು ಪ್ರಕಟಿಸಿದ ಚಾರ್ಲ್ಸ್ ಡಾರ್ವಿನ್, ಇಂತಹ ಸುರುಳಿಗಳು ಬಿರುಗಾಳಿಯಲ್ಲಿ ಸ್ಪ್ರಿಂಗಿನಂತೆ ಹಿಗ್ಗಿ ಕುಗ್ಗಿ ಬಳ್ಳಿಯನ್ನು ಕಾಯುವುದನ್ನು ಗಮನಿಸಿದ್ದನು. ಆ ಮಹಾವಿಜ್ಞಾನಿ ಕಂಡದ್ದನ್ನು ಹಿತ್ತಲಿನ ಮಗುವೂ ಬರಿಗಣ್ಣಿನಿಂದ ಕಾಣಬಹುದು.

ಮುಂದೆ ನಿರಾಶೆಯ ದಿನಗಳೂ ಉಂಟು. ಸಂಜೆ ಅರಳಿದ ಹೀರೆಯ ಹಳದಿ ಹೂಗಳು ಕಾಯಿ ಕಟ್ಟದೆ ಉದುರುತ್ತವೆ. ಮೊದಲು ಬರುವವು ಹೆಚ್ಚಾಗಿ ಗಂಡುಹೂಗಳೆಂದೂ ಹೆಣ್ಣುಹೂವಿನ ಬುಡದಲ್ಲಿ ಪುಟ್ಟ ಕಾಯಿಯ ಆಕಾರ ಇರುವುದೆಂದೂ ತೋರಿಸಿಕೊಟ್ಟರೆ, ಮಗು ಪ್ರತಿ ಸಂಜೆಯೂ ಚಪ್ಪರದಡಿ ಕತ್ತೆತ್ತಿ ಹುಡುಕುತ್ತದೆ. ಪಡವಲ ಕಾಯಿ ಬಿಟ್ಟಾಗ ಅದು ಡೊಂಕಾಗದಂತೆ ತುದಿಗೆ ಪುಟ್ಟ ಕಲ್ಲನ್ನು ಕಟ್ಟುವ ಗೌರವವೂ ಮಗುವಿಗೇ ಸಲ್ಲಬೇಕು. ಅಷ್ಟರಲ್ಲಿ ಆ ಬೆರಳುಗಳಿಗೆ ಗಂಟಿನ ಅಭ್ಯಾಸ ಆಗಿರುತ್ತದೆ.

ಬಳ್ಳಿಗೆ ಕಾಯಿ ಭಾರವೇ ಎಂಬುದು ಹಳೆಯ ಗಾದೆ. ಭಾರವಲ್ಲ, ನಿಜ; ಆದರೆ ಆ ಬಳ್ಳಿಯನ್ನು ಮೇಲಕ್ಕೇರಿಸಿದ ಹುರಿಯ ಬುಡದಲ್ಲಿ ಒಂದು ಪುಟ್ಟ ಗಂಟಿದೆ. ಬಿತ್ತಿ ಸುಮಾರು ಎರಡು ತಿಂಗಳಿಗೆ ಮೊದಲ ಹೀರೇಕಾಯಿ ಅಡಿಗೆಮನೆಗೆ ಬಂದ ದಿನ, ಹಾಗಲವನ್ನೂ ಹೀರೆಯನ್ನೂ ಕಂಡರೆ ಮುಖ ತಿರುಗಿಸುತ್ತಿದ್ದ ಮಗು ತಟ್ಟೆಯನ್ನು ಮುಂದೆ ಸರಿಸಿ, “ನನ್ನ ಹುರಿಯಲ್ಲಿ ಬಿಟ್ಟದ್ದು ಇದು, ನನಗೆ ಮೊದಲು ಬಡಿಸಮ್ಮ” ಎನ್ನುತ್ತದೆ.